ಮತ ಕೇಳಲು ಬಂದವರನ್ನು ನಾವು ಕೇಳಬೇಕಾದ್ದು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರು ತರೀಕೆರೆಯಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು 'ಲೋಕಸಭಾ ಚುನಾವಣೆ ಮತ್ತು ಹೊಸ ನಾಯಕತ್ವ' ಎಂಬ ವಿಷಯ ಕೊಟ್ಟಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳಿಗೆ ಇದು ಸುಲಭದ ವಿಷಯ ಎಂದು ಅವರು ಭಾವಿಸಿರಬೇಕು. ಆದರೆ ಪಾಠ ಹೇಳುವಾಗ ನನ್ನ ಮುಂದೆ ಪಠ್ಯಪುಸ್ತಕ ಇರುತ್ತಿತ್ತು. ಇವತ್ತು ನೀವು ಇದ್ದೀರಿ. ಪುಸ್ತಕದಲ್ಲಿ ಮತದಾರ ಎಂದು ಪುಲ್ಲಿಂಗದಲ್ಲಿ ಬರೆದಿರುತ್ತದೆ, ಅವನಿಗೆ ಅತ್ತೆಮನೆ ಇರುವುದಿಲ್ಲ. ನಮಗೆ ಇದೆ. ಹಾಗಾಗಿ ಪಾಠ ಬಿಟ್ಟು ನಾನು ಕಂಡದ್ದನ್ನೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಅಜ್ಜಂಪುರದಲ್ಲಿ. ನನ್ನ ಅವ್ವ ಓದು ಬರಹ ಬಾರದ ಹೆಂಗಸು. ಚುನಾವಣೆ ಬಂದರೆ ಹಸು-ಕರುವಿಗೆ ಒತ್ತುವುದು ಅವಳ ಪದ್ಧತಿ. ಅಮೃತಮಹಲ್ ದನಗಳ ಊರಿನವಳಿಗೆ ಅದು ತನ್ನದೇ ಗುರುತು ಅನ್ನಿಸಿತ್ತೋ ಏನೋ. 1978ರಲ್ಲಿ ಆ ಗುರುತು ಹೋಗಿ ಕೈ ಬಂತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರು ಕ್ಷೇತ್ರದ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಹಿಂದಿನ ವರ್ಷ ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ನವೆಂಬರ್ 5ರಂದು ಮತದಾನ ನಡೆದು ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಆಗ ನನಗೆ ಹತ್ತೊಂಬತ್ತು ವರ್ಷ. ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಿತ್ತು, ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ನನಗೆ ಮತವಿಲ್ಲ, ಅಭಿಪ್ರಾಯ ಮಾತ್ರ ಬೇಕಾದಷ್ಟು ಇತ್ತು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು ಕಾಯಿಲೆ ಬಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡ ಸ್ನೇಹಲತಾ ರೆಡ್ಡಿಯವರ ಬಗ್ಗೆ ಓದಿಕೊಂಡಿದ್ದೆ. "ಒಬ್ಬ ಹೆಂಗಸು ಪ್ರಧಾನಿಯಾಗಿದ್ದಾಗ ಇನ್ನೊಬ್ಬ ಹೆಂಗಸಿಗೆ ಹೀಗಾಯಿತು, ನೀನು ಹೇಗೆ ಹಾಕುತ್ತೀಯೆ?" ಎಂದು ಅವ್ವನ ಜೊತೆ ಜಗಳವಾಡಿದೆ. ಅವಳು ಅಕ್ಕಪಕ್ಕದ ಹೆಂಗಸರ ಜೊತೆ ಲಾರಿ ಹತ್ತಿ ತರೀಕೆರೆಗೆ ಹೋಗಿ, ಆ ಅಮ್ಮನನ್ನು ದೂರದಿಂದ ನೋಡಿ, ರಾತ್ರಿ ಬಂದಳು. ಏನು ಮಾತಾಡಿದರು ಎಂದರೆ ಒಂದೂ ಗೊತ್ತಿಲ್ಲ. "ಅಷ್ಟು ಜನ ಗಂಡಸರು ಕೈಕಟ್ಟಿ ನಿಂತಿದ್ರು ಕಣೆ, ಅದನ್ನ ನೋಡ್ದೆ" ಎಂದಳು. ಅವ್ವನಿಗೆ ಅಷ್ಟೇ ಸಾಕಾಗಿತ್ತು. ನಾನು ಆಗ ನಕ್ಕೆ. ಈಗ ನಗಲಾರೆ.

ಆದರೆ ಒಂದು ಮಾತನ್ನು ಆಗಲೂ ಕೇಳಬೇಕಿತ್ತು, ಈಗಲೂ ಕೇಳಬೇಕು. ಲೋಕಸಭೆಗೆ ಹೆಣ್ಣುಮಕ್ಕಳನ್ನು ಕಳಿಸುವುದರಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದವರಲ್ಲ. ಇಂದಿರಾ ಗಾಂಧಿಯವರ ನಂತರ ಡಿ.ಕೆ. ತಾರಾದೇವಿಯವರು 1984ರಲ್ಲಿ ಮತ್ತು 1991ರಲ್ಲಿ ಗೆದ್ದರು. ಕ್ಷೇತ್ರ ಉಡುಪಿ ಚಿಕ್ಕಮಗಳೂರು ಆದ ಮೇಲೆ ಶೋಭಾ ಕರಂದ್ಲಾಜೆಯವರು 2014 ಮತ್ತು 2019ರಲ್ಲಿ ಗೆದ್ದರು. ಪಕ್ಷ ಬೇರೆ ಬೇರೆ. ಮೂವರು ಮಹಿಳೆಯರು ಗೆದ್ದ ಕ್ಷೇತ್ರ ನಮ್ಮ ರಾಜ್ಯದಲ್ಲಿ ಸಾಮಾನ್ಯವಲ್ಲ. ಇಷ್ಟಾದರೂ ಇದೇ ಕ್ಷೇತ್ರದ ಹಳ್ಳಿಗಳಲ್ಲಿ ಸ್ಟವ್ ಸಿಡಿಯುವುದು ನಿಲ್ಲಲಿಲ್ಲ. ಸೊಸೆ ಇದ್ದಾಗ ಮಾತ್ರ ಸಿಡಿಯುವ ಸ್ಟವ್ ಅದು, ನಿಮಗೇ ಗೊತ್ತು.

ಕಾನೂನು ಇರಲಿಲ್ಲವೇ? ಇತ್ತು. ವರದಕ್ಷಿಣೆ ನಿಷೇಧ ಕಾಯಿದೆ 1961ರದ್ದು. ಎರಡು ಸದನಗಳಿಗೆ ಹೊಂದಾಣಿಕೆಯಾಗದೆ, ಸಂಸತ್ತು ಮೊದಲ ಸಲ ಜಂಟಿ ಅಧಿವೇಶನ ಸೇರಿ ಒಪ್ಪಿದ ಮಸೂದೆ ಅದು. ಅಷ್ಟು ದೊಡ್ಡವರೆಲ್ಲ ಕೂತು ಮಾಡಿದ ಕಾನೂನು ಇಪ್ಪತ್ತು ವರ್ಷ ಕಪಾಟಿನಲ್ಲಿತ್ತು. ಅದಕ್ಕೆ ಹಲ್ಲು ಬಂದದ್ದು ಹೇಗೆ ಎಂಬುದನ್ನು ನೆನಪಿಡಿ. 1979ರ ಹೊತ್ತಿಗೆ ದೆಹಲಿಯಲ್ಲಿ ಹೆಂಗಸರು ಬೀದಿಗಿಳಿದರು. ಮಗಳನ್ನು ಬೆಂಕಿಗೆ ಕಳೆದುಕೊಂಡ ಸತ್ಯರಾಣಿ ಚಡ್ಡಾ, ಹಾಗೆಯೇ ಮಗಳನ್ನು ಕಳೆದುಕೊಂಡ ಶಾಹಜಹಾನ್ ಆಪಾ, ಇಂಥ ತಾಯಂದಿರು ಮಂತ್ರಿಗಳ ಮನೆ ಮುಂದೆ, ಕೋರ್ಟಿನ ಮುಂದೆ ನಿಂತರು. ಆಮೇಲೆ 1983ರಲ್ಲಿ ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧ ಮಾಡುವ 498ಎ ಬಂತು. 1984ರಲ್ಲಿ ವರದಕ್ಷಿಣೆ ಕಾಯಿದೆ ಬಿಗಿಯಾಯಿತು. 1986ರಲ್ಲಿ ವರದಕ್ಷಿಣೆ ಸಾವಿನ ಕಲಂ 304ಬಿ ಬಂತು. ಈಗ, 2024ರ ಜುಲೈಯಿಂದ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 85 ಮತ್ತು 80ನೇ ಕಲಂಗಳಾಗಿವೆ. 83-84ರಲ್ಲಿ ಪ್ರಧಾನಿಯಾಗಿದ್ದವರು ನಮ್ಮ ಚಿಕ್ಕಮಗಳೂರಿನಿಂದ ಒಮ್ಮೆ ಗೆದ್ದುಹೋದ ಇಂದಿರಾ ಗಾಂಧಿಯವರೇ. ಆದರೆ ಆ ಕಾನೂನನ್ನು ಮಾಡಿಸಿದವರು ಬೀದಿಯಲ್ಲಿ ನಿಂತ ತಾಯಂದಿರು. ಕೇಳಿದ್ದರಿಂದ ಬಂತು. ನಮ್ಮ ಕ್ಷೇತ್ರದಿಂದ ನಾವು ಯಾರೂ ಆ ಪ್ರಶ್ನೆ ಕೇಳಿ ಕಳಿಸಿರಲಿಲ್ಲ.

ನನ್ನ ಕಥೆಯನ್ನೂ ಮುಚ್ಚಿಡುವುದಿಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿ ಕೆಲಸಕ್ಕೆ ಸೇರಿ 1984ರಲ್ಲಿ ನನ್ನ ಮದುವೆಯಾಯಿತು. ಬೆಳಿಗ್ಗೆ ಮೂಲಭೂತ ಹಕ್ಕುಗಳ ಪಾಠ ಮಾಡಿ ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ನನ್ನ ಅಪ್ಪ ಬೀಗರ ಜೊತೆ ಚಿನ್ನದ ತೂಕದ ಮಾತಾಡುತ್ತಿದ್ದರು. ನಾನು ಕಾಫಿ ತಂದಿಟ್ಟೆ. ಅಷ್ಟೇ ನಾನು ಮಾಡಿದ್ದು. ಕೊಬ್ಬರಿ ಮಾರಿದ ದುಡ್ಡು, ಒಂದು ಜೊತೆ ಎತ್ತು ಮಾರಿದ ದುಡ್ಡು ಆ ಮದುವೆಗೆ ಹೋಯಿತು. ನನ್ನನ್ನು ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಕೊಟ್ಟದ್ದು ತಪ್ಪೇ. ಓದಿದವಳು ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ನಿಮಗೆ ಬುದ್ಧಿ ಹೇಳುವ ಮೊದಲು ಇದನ್ನು ಹೇಳಿಬಿಡಬೇಕು ಅನ್ನಿಸಿತು.

ಈಗ 1996ಕ್ಕೆ ಬರುತ್ತೇನೆ. ಅದು ಲೋಕಸಭಾ ಚುನಾವಣೆ. ಕಾಲೇಜಿನವರಿಗೆ ಚುನಾವಣಾ ಕೆಲಸ ತಪ್ಪದು. ನನ್ನನ್ನು ಕಡೂರು ಕಡೆಯ ಒಂದು ಬಯಲುಸೀಮೆ ಹಳ್ಳಿಯ ಶಾಲೆಗೆ ಹಾಕಿದ್ದರು. ಊರಿನ ಹೆಸರು ಬೇಡ. ಆಗ ಯಂತ್ರವಿರಲಿಲ್ಲ, ಉದ್ದನೆಯ ಮತಪತ್ರ, ರಬ್ಬರ್ ಮುದ್ರೆ, ತಗಡಿನ ಪೆಟ್ಟಿಗೆ. ಮಧ್ಯಾಹ್ನ ಶಾಯಿ ಹಚ್ಚುವವರು ಊಟಕ್ಕೆ ಎದ್ದಾಗ ನಾನೇ ಆ ಜಾಗದಲ್ಲಿ ಕೂತೆ. ಆ ಶಾಯಿ ನಮ್ಮ ಮೈಸೂರಿನಲ್ಲಿ ತಯಾರಾಗುವುದು ನಿಮಗೆ ಗೊತ್ತಿರಬಹುದು. 1962ರಿಂದ ದೇಶಕ್ಕೆಲ್ಲ ಅದೇ ಶಾಯಿ.

ಸೆರಗನ್ನು ಎಡಗೈ ಮೇಲೆ ಇಳಿಬಿಟ್ಟುಕೊಂಡ ಒಬ್ಬ ಹೆಂಗಸು ಬಂದು ಬಲಗೈ ಮುಂದೆ ಮಾಡಿದಳು. "ಎಡಗೈ ಕೊಡಮ್ಮ" ಎಂದೆ. ಕೊಡಲಿಲ್ಲ. ಮುಖ ನೋಡಿದೆ. ನನ್ನ ವಿದ್ಯಾರ್ಥಿನಿ! ಅಜ್ಜಂಪುರದ ಹುಡುಗಿ, ಪಿಯುಸಿಯಲ್ಲಿ ನನ್ನ ತರಗತಿಯ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವಳು. ಅವಳೂ ಗುರುತು ಹಿಡಿದಳು. ಹಿಂದೆ ಅವಳ ಅತ್ತೆ ನಿಂತಿದ್ದಳು. ಎದುರು ಬೆಂಚಿನಲ್ಲಿ ಪಕ್ಷದ ಏಜೆಂಟರ ನಡುವೆ ಕೂತು ಹೆಸರು ಗುರುತು ಹಾಕುತ್ತಿದ್ದವನು ಅವಳ ಭಾವ ಎಂದು ಆಮೇಲೆ ತಿಳಿಯಿತು. ಅವಳು ನಿಧಾನ ಸೆರಗು ಸರಿಸಿ ಎಡಗೈಯನ್ನು ಮೇಜಿನ ಮೇಲಿಟ್ಟಳು. ಮೊಣಕೈವರೆಗೆ ಸುಟ್ಟು ಹೊಳೆಯುವ ಚರ್ಮ. ತೋರುಬೆರಳು ನಡುಬೆರಳಿಗೆ ಅಂಟಿಕೊಂಡಿತ್ತು. "ಸ್ಟವ್ ಸಿಡೀತು ಮೇಡಂ" ಎಂದಳು, ನಾನು ಕೇಳುವ ಮೊದಲೇ. ಉಗುರು ಇರುವ ಜಾಗ ಹುಡುಕಿ ಶಾಯಿ ಹಚ್ಚಿದೆ. ನನ್ನ ಕೈ ನಡುಗಿ ಶಾಯಿ ಅವಳ ಅಂಗೈಗೂ ಹರಿಯಿತು. ಅವಳು ಮತಪತ್ರ ತೆಗೆದುಕೊಂಡು ರಟ್ಟಿನ ಮರೆಯ ಹಿಂದೆ ಹೋದಳು. ಬರಲು ತುಸು ತಡವಾಯಿತು. "ಏನ್ ಮಾಡ್ತವಳೆ ಅವಳು?" ಎಂದಳು ಅತ್ತೆ. ನಾನು ಆಕೆಗೆ, "ಅವಳ ಮತ ಅವಳು ಹಾಕುತ್ತಾಳೆ, ನೀವು ಸುಮ್ಮನಿರಿ" ಎಂದೆ. ಆ ದಿನ ನಾನು ಆಡಿದ ಒಂದೇ ಧೈರ್ಯದ ಮಾತು ಅದು.

ಮತಗಟ್ಟೆಯಲ್ಲಿ ಅಧಿಕಾರಿ ಬೇರೆ ಮಾತಾಡುವಂತಿಲ್ಲ. ಆ ನಿಯಮದ ಹಿಂದೆ ನಾನು ಅಡಗಿಕೊಂಡೆ. ಪೆಟ್ಟಿಗೆಗೆ ಅರಗು ಹಾಕಿ ಜೀಪು ಹತ್ತಿ ಮನೆಗೆ ಬಂದು ಮೂರು ವಾರ ಸುಮ್ಮನಿದ್ದೆ. ಆಮೇಲೆ ಅಜ್ಜಂಪುರಕ್ಕೆ ಹೋಗಿ ಅವಳ ತಾಯಿಯನ್ನು ಕಂಡೆ. ಮದುವೆಯಲ್ಲಿ ಒಪ್ಪಿದ ಹಣದಲ್ಲಿ ಇಪ್ಪತ್ತು ಸಾವಿರ ಬಾಕಿ, ಜೊತೆಗೆ ಒಂದು ಸ್ಕೂಟರ್. ಬೆಂಕಿ ಹತ್ತಿದ ಮೇಲೆ ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆ 'ಆಕಸ್ಮಿಕ'. ಹಾಗೆ ಹೇಳಿಸಿದವರು ಯಾರು? ಊರಿನ ಎರಡು ಪಕ್ಷಗಳ ಇಬ್ಬರು ಮುಖಂಡರು. ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು, ಚುನಾವಣೆಯಲ್ಲಿ ತಲೆ ಒಡೆದುಕೊಳ್ಳುವವರು, ಈ ರಾಜಿ ಪಂಚಾಯ್ತಿಗೆ ಒಂದೇ ಜಮಖಾನದ ಮೇಲೆ ಕೂತರು. "ಹುಡುಗಿ ಬಾಳಬೇಕಲ್ಲ, ಕೇಸು ಗೀಸು ಬೇಡ" ಎಂದು ತೀರ್ಮಾನ ಕೊಟ್ಟರು. ಅವಳನ್ನು ಅದೇ ಮನೆಗೆ ಕಳಿಸಿದರು.

ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ವಿಮೋಚನಾ ಸಂಸ್ಥೆಯ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹೆಂಗಸರ ಪಕ್ಕ ಕೂರುತ್ತಿದ್ದರು, 'ಆಕಸ್ಮಿಕ' ಎಂದು ಬರೆದ ಕಡತಗಳ ಬೆನ್ನು ಹತ್ತುತ್ತಿದ್ದರು. ನಮ್ಮ ಕಡೆ ಅಂಥವರು ಇರಲಿಲ್ಲ. ಇದ್ದದ್ದು ನಾವೇ, ನನ್ನಂಥವರು. ಎರಡು ವರ್ಷದ ನಂತರ ಅವಳು ಮಗುವನ್ನು ಎತ್ತಿಕೊಂಡು ತಾನೇ ಹೊರಬಂದಳು. ಕೇಸು ಹಾಕಿದೆವು. ಆರು ವರ್ಷ ನಡೆದು ಸಾಕ್ಷಿಗಳು ತಿರುಗಿಬಿದ್ದು ಕೇಸು ಬಿತ್ತು. ಅವಳು ಹೊಲಿಗೆ ಕಲಿತು ತರೀಕೆರೆಯಲ್ಲಿ ನಿಂತಳು. ಎಡಗೈಯಲ್ಲಿ ಬಟ್ಟೆ ಹಿಡಿದು ಸರಿಸುವ ಒಂದು ಬೇರೆಯೇ ರೀತಿ ಕಂಡುಕೊಂಡಿದ್ದಾಳೆ.

ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅವಳೇ ಆ ಮತಗಟ್ಟೆಯ ಮಾತು ತೆಗೆದಳು. "ಮೇಡಂ, ಆ ರಟ್ಟಿನ ಹಿಂದೆ ಒಂದು ನಿಮಿಷ ಒಬ್ಬಳೇ ನಿಂತಿದ್ದೆ. ಮದುವೆ ಆದ್ಮೇಲೆ ಯಾರ ಕಣ್ಣಿಗೂ ಬೀಳದಂಗೆ ಒಬ್ಬಳೇ ನಿಂತಿದ್ದು ಅದೇ ಮೊದಲು" ಎಂದಳು. ಆಮೇಲೆ ನಗುತ್ತಾ, "ಎಲ್ಲಾ ಗುರುತಿನ ಮೇಲೂ ಒತ್ತಿಬಿಟ್ಟೆ" ಎಂದಳು. ಯಾಕೆ ಎಂದೆ. "ಇವರೂ ಕೂತಿದ್ರು, ಅವರೂ ಕೂತಿದ್ರು. ಯಾರಿಗೆ ಹಾಕಲಿ?" ಎಂದಳು. ಈಗಾದರೆ 'ನೋಟಾ' ಇದೆ, 2013ರಿಂದ ಬಂದಿದೆ. ರಾಜ್ಯಶಾಸ್ತ್ರದ ಮೇಡಂ ಆಗಿ ನಾನು ಮತ ಕೆಡಿಸಬಾರದು ಎಂದು ಹೇಳಬೇಕಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಇದನ್ನೆಲ್ಲ ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಮತ ಕೇಳಲು ಬಂದವರನ್ನು ನೀವು ಏನು ಕೇಳಿದ್ದೀರಿ? ನೀರು ಕೇಳಿದ್ದೀರಿ. ಕಡೂರಿನವರು ಕೆರೆಗೆ ನೀರು ಕೇಳಿದ್ದೀರಿ, ಅಜ್ಜಂಪುರದವರು ಭದ್ರಾ ಮೇಲ್ದಂಡೆ ಕೇಳಿದ್ದೀರಿ, ತರೀಕೆರೆಯವರು ಅಡಿಕೆ ಬೆಲೆ ಕೇಳಿದ್ದೀರಿ. ಬರಗಾಲದ ವರ್ಷ ಖಾಲಿ ಕೊಡ ಹಿಡಿದು ಅಭ್ಯರ್ಥಿಯ ಕಾರಿಗೆ ಅಡ್ಡ ನಿಂತ ಕಡೂರಿನ ಹೆಂಗಸರನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಧೈರ್ಯ ನಮಗಿದೆ. ಹಾಗಿದ್ದರೆ ನಮ್ಮ ಮಕ್ಕಳು ಸುಡುವುದನ್ನು ಯಾಕೆ ಕೇಳಲಿಲ್ಲ? ನೀರು ಊರಿನ ವಿಷಯ, ಇದು ಮನೆ ವಿಷಯ ಎಂದೇ? ಹಾಗೆಂದು ನಮಗೆ ಹೇಳಿಕೊಟ್ಟವರು ಯಾರು? ಮನೆ ವಿಷಯವಾಗಿದ್ದರೆ ಆ ಇಬ್ಬರು ಮುಖಂಡರಿಗೆ ಜಮಖಾನದ ಮೇಲೆ ಏನು ಕೆಲಸವಿತ್ತು? ರಾಜಿಗೆ ಬರುವಾಗ ಅದು ಊರಿನ ವಿಷಯ. ನಾವು ಪ್ರಶ್ನೆ ಕೇಳಿದಾಗ ಮನೆ ವಿಷಯ.

ಇನ್ನೂ ಒಂದು. ಸಂಸದರ ನಿಧಿಯಿಂದ, ಶಾಸಕರ ನಿಧಿಯಿಂದ ಊರೂರಿಗೆ ಸಮುದಾಯ ಭವನ ಕಟ್ಟಿಸುತ್ತಾರೆ. ನಾವೇ ಅರ್ಜಿ ಕೊಟ್ಟು ಕೇಳುತ್ತೇವೆ. ಆ ಭವನದಲ್ಲಿ ನಡೆಯುವುದು ಏನು? ಮದುವೆ. ಅಲ್ಲಿ ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂರುವವರು ಯಾರು? ಅವರೇ. ಚುನಾವಣೆಯ ವರ್ಷ ಒಂದೇ ದಿನ ಹತ್ತು ಮದುವೆಗೆ ಹೋಗಿ ಅಕ್ಷತೆ ಹಾಕುತ್ತಾರೆ. ಹೊರಗೆ ಹೊಸ ಕಾರು ರಿಬ್ಬನ್ ಕಟ್ಟಿಕೊಂಡು ನಿಂತಿರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. "ಇದು ಎಲ್ಲಿಂದ ಬಂತಪ್ಪ?" ಎಂದು ಒಬ್ಬ ನಾಯಕ, ಒಬ್ಬ ನಾಯಕಿ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೇಳಿದರೆ ಆ ಮನೆಯ ಹತ್ತು ಮತ ಹೋಗುತ್ತದೆ. ಕೇಳದಿದ್ದರೆ ನಮ್ಮ ಮತ ಹೋಗುತ್ತದೆ ಎಂಬ ಭಯ ಅವರಿಗಿಲ್ಲ. ವಿಷಯ ಇರುವುದೇ ಇಲ್ಲಿ.

ನಾವೂ ಸಾಚಾ ಅಲ್ಲ. ನಿಮ್ಮ ಸಂಘಗಳ ಸಾಲದ ಪುಸ್ತಕ ತೆಗೆದು ನೋಡಿ. ನಾನು ಕೆಲವು ಸಂಘಗಳ ಲೆಕ್ಕ ನೋಡಲು ಹೋಗುತ್ತಿರುತ್ತೇನೆ. ಎಮ್ಮೆ, ಹೊಲಿಗೆ ಯಂತ್ರ, ಆಸ್ಪತ್ರೆ, ಶಾಲಾ ಶುಲ್ಕ, ಇವುಗಳ ನಡುವೆ 'ಮದುವೆ ಖರ್ಚು' ಎಂದು ಬರೆದಿರುತ್ತದೆ. ಆ ಖರ್ಚಿನಲ್ಲಿ ಊಟಕ್ಕೆ ಎಷ್ಟು, ಗಂಡಿನ ಕಡೆಗೆ ಎಷ್ಟು? ಯಾರೂ ಕೇಳುವುದಿಲ್ಲ, ಯಾಕೆಂದರೆ ನಾಳೆ ನಮ್ಮ ಮಗಳಿಗೂ ಅದೇ ಸಾಲ ಬೇಕು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ನಮ್ಮದೇ ಜಿಲ್ಲೆಯ, ಮೂಡಿಗೆರೆಯ ಮೋಟಮ್ಮನವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದರು. ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಇದ್ದರೆ ಅವಳಿಗೆ ಮನೆಯಲ್ಲಿ ಬೆಲೆ ಬರುತ್ತದೆ ಎಂದು ನಾವೆಲ್ಲ ನಂಬಿದೆವು. ಬೆಲೆ ಬಂತು, ಸುಳ್ಳಲ್ಲ. ಆದರೆ ಆ ನಾಲ್ಕು ಕಾಸು ವಾರಕ್ಕೊಮ್ಮೆ ಕೂಡಿಸಿ ಬೀಗರಿಗೆ ಕೊಟ್ಟರೆ?

2024ಕ್ಕೆ ಬರೋಣ. ಏಪ್ರಿಲ್ 26ರಂದು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಮತದಾನವಾಯಿತು. ಒಂದೇ ಜಿಲ್ಲೆ, ಒಂದೇ ಸಂತೆ, ಆದರೆ ಕ್ಷೇತ್ರ ಎರಡು. ತರೀಕೆರೆ, ಅಜ್ಜಂಪುರದವರು ಉಡುಪಿ ಚಿಕ್ಕಮಗಳೂರಿಗೆ ಮತ ಹಾಕಿದೆವು. ಕಡೂರಿನವರು, 2009ರ ಚುನಾವಣೆಯಿಂದ ಈಚೆಗೆ ಹಾಸನಕ್ಕೆ ಸೇರಿದವರು. ಆ ಹಾಸನದಲ್ಲಿ ಮತದಾನದ ಹಿಂದಿನ ದಿನಗಳಲ್ಲಿ ಏನು ಹರಿದಾಡಿತು ಎಂಬುದು ನಿಮಗೆಲ್ಲ ಗೊತ್ತು. ಆಗ ಸಂಸದರೂ ಅಭ್ಯರ್ಥಿಯೂ ಆಗಿದ್ದ ಪ್ರಜ್ವಲ್ ರೇವಣ್ಣ ಅವರ ಮೇಲೆ ಲೈಂಗಿಕ ದೌರ್ಜನ್ಯದ ದೂರುಗಳು ಬಂದವು. ಮತದಾನದ ಮರುದಿನ ಅವರು ವಿದೇಶಕ್ಕೆ ಹೋದರು, ಮೇ 31ರಂದು ಮರಳಿ ಬಂದಾಗ ಬಂಧನವಾಯಿತು. ಜೂನ್ 4ರಂದು ಮತ ಎಣಿಸಿದಾಗ ಅವರು ಸೋತಿದ್ದರು, ಆದರೂ ಆರು ಲಕ್ಷಕ್ಕೂ ಹೆಚ್ಚು ಮತ ಬಿದ್ದಿದ್ದವು. ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಕೊಟ್ಟ ಅತ್ಯಾಚಾರದ ದೂರಿನಲ್ಲಿ 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಅದರ ಮೇಲೆ ಅವರು ಹೈಕೋರ್ಟಿಗೆ ಹೋಗಿದ್ದಾರೆ.

ನಾನು ಇಲ್ಲಿ ಒಂದು ಪಕ್ಷದ ಮೇಲೆ ಮಾತಾಡಲು ಬಂದಿಲ್ಲ. ಇಂಥ ಮಾತು ಬಂದಾಗ ಪ್ರತಿ ಪಕ್ಷದವರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ನನ್ನನ್ನು ಕಾಡಿದ್ದು ಬೇರೆ. ಆ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹೋದವಲ್ಲ, ಅವುಗಳಲ್ಲಿ ಮುಖ ಕಂಡದ್ದು ಯಾರದ್ದು? ಆ ಹೆಣ್ಣುಮಕ್ಕಳದ್ದು. ಚುನಾವಣೆ ಗೆಲ್ಲುವುದಕ್ಕೋ ಸೋಲಿಸುವುದಕ್ಕೋ ಅವರ ಮಾನ ಒಂದು ಕರಪತ್ರವಾಯಿತು. ಕಡೂರಿನ ಬಸ್ ನಿಲ್ದಾಣದಲ್ಲಿ ನಾಲ್ಕು ಹುಡುಗರು ಒಂದು ಮೊಬೈಲಿಗೆ ತಲೆ ಕೊಟ್ಟು ನಿಂತಿದ್ದನ್ನು ಕಂಡೆ. ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿಯ ಮಗ. ಕಿತ್ತುಕೊಂಡು ಬೈದೆ. "ಎಲ್ರೂ ನೋಡ್ತಾವ್ರೆ ಅಜ್ಜಿ" ಎಂದ. ಆ ಹೆಣ್ಣುಮಕ್ಕಳ ಪರವಾಗಿ ಒಂದು ಮಾತು ಆಡಬೇಕಾದವರೆಲ್ಲ ಆ ದಿನಗಳಲ್ಲಿ ಯಾರಿಗೆ ಎಷ್ಟು ಮತ ಹೋಗುತ್ತದೆ, ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಇದರ ನಡುವೆ ಒಬ್ಬ ಮನೆಗೆಲಸದ ಹೆಂಗಸು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದಳು, ತಿರುಗಿಬೀಳಲಿಲ್ಲ. ನಾಯಕತ್ವ ಎಂಬ ಮಾತು ಬಂದಾಗ ನನಗೆ ಈಗ ಮೊದಲು ನೆನಪಾಗುವುದು ಆಕೆಯೇ. ಆಕೆಯ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು.

ಹೆಸರಿನ ಮಾತು ಬಂತು. ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿ ತಯಾರಿಸುವಾಗ ಉತ್ತರದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ತಾಯಿ ಎಂದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಾಗೆ ಬರೆಯಲು ಒಪ್ಪದೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ. 1962ರಲ್ಲಿ ನೂರು ಹೆಂಗಸರಲ್ಲಿ 47 ಜನರೂ ಮತ ಹಾಕಿರಲಿಲ್ಲ. 2024ರಲ್ಲಿ 65ಕ್ಕೂ ಹೆಚ್ಚು, ಗಂಡಸರಿಗೆ ಸರಿಸಮ. ಅದಕ್ಕೇ ಈಗ ಎಲ್ಲ ಪಕ್ಷಗಳೂ ನಮ್ಮ ಹಿಂದೆ ಬಿದ್ದಿವೆ. ತಿಂಗಳಿಗೆ ಎರಡು ಸಾವಿರ ಕೊಡುತ್ತೇವೆ, ಬಸ್ಸು ಪುಕ್ಕಟೆ, ಗ್ಯಾಸು ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಪುಕ್ಕಟೆ ಬಸ್ಸಿನಿಂದ ಎಷ್ಟು ಹೆಣ್ಣುಮಕ್ಕಳು ತವರಿಗೆ ಬಂದು ಹೊಡೆತದ ಗುರುತು ತೋರಿಸಿದರು ಎಂದು ನಾನೇ ಕಂಡಿದ್ದೇನೆ. ಮೊದಲು ಟಿಕೆಟ್ಟಿನ ದುಡ್ಡಿಗೂ ಗಂಡನನ್ನೇ ಕೇಳಬೇಕಿತ್ತು.

ಆದರೆ ಆ ಸಭೆಗೆ ಹೋಗಿ ಕೂತಾಗ ಲೆಕ್ಕ ಹಾಕಿ. 2024ರಲ್ಲಿ ಲೋಕಸಭೆಗೆ ಗೆದ್ದ ಮಹಿಳೆಯರು 74. ಹಿಂದಿನ ಸಲ 78 ಇತ್ತು. ಕರ್ನಾಟಕದ 28 ಸ್ಥಾನಗಳಲ್ಲಿ ಮೂವರು. ಮೂರನೇ ಒಂದು ಭಾಗ ಮೀಸಲಾತಿಯ ಕಾನೂನು 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಾಯಿತು, ಜನಗಣತಿ ಮತ್ತು ಕ್ಷೇತ್ರ ವಿಂಗಡಣೆಗೆ ಗಂಟು ಹಾಕಿದ್ದರಿಂದ 2024ಕ್ಕೆ ಉಪಯೋಗವಾಗಲಿಲ್ಲ. ಬರಲಿ, ಬರಲೇಬೇಕು. ಹೆಂಗಸರು ಹೋದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ಮೂವರನ್ನು ಕಳಿಸಿ ನೋಡಿದವರು ನಾವು. ಕೇಳುವವರು ಕೆಳಗೆ ಇದ್ದರೆ ಮೇಲೆ ಹೋದವಳಿಗೂ ಬಾಯಿ ಬರುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವು 6,450. ದಾಖಲಾಗದೆ 'ಆಕಸ್ಮಿಕ' ಆದವು ಬೇರೆ. ಈ ಸಂಖ್ಯೆಯನ್ನು ಒಂದು ಚುನಾವಣಾ ಭಾಷಣದಲ್ಲಾದರೂ ಯಾರಾದರೂ ಹೇಳಿದ್ದು ಕೇಳಿದ್ದೀರಾ?

2024ರ ಚುನಾವಣೆಗೆ ಮೊದಲು ಅಜ್ಜಂಪುರದ ಕಡೆಯ ಒಂದು ಸಂಘದವರು ನನ್ನನ್ನು ಕೂರಿಸಿಕೊಂಡು ನಡಾವಳಿ ಪುಸ್ತಕದಲ್ಲಿ ಕೆಲವು ಪ್ರಶ್ನೆ ಬರೆದರು. ನಿಮ್ಮ ಮನೆಯ ಮದುವೆಗಳಲ್ಲಿ ಕೊಟ್ಟಿದ್ದೀರಾ, ತೆಗೆದುಕೊಂಡಿದ್ದೀರಾ? ಹೆಂಡತಿಯನ್ನು ಹೊಡೆದವನ ಪರವಾಗಿ ಠಾಣೆಗೆ ಫೋನ್ ಮಾಡಿದ್ದೀರಾ? 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ, ಪೌಷ್ಟಿಕ ಆಹಾರ ಎಲ್ಲ ನೋಡಿಕೊಳ್ಳುವ ಅದೇ ಅಧಿಕಾರಿಯ ತಲೆಗೆ ಇದನ್ನೂ ಕಟ್ಟಿದ್ದಾರೆ. ಇದಕ್ಕೇ ಬೇರೆ ಅಧಿಕಾರಿ ಕೊಡಿಸುತ್ತೀರಾ? ಹೀಗೆ.

ಮತ ಕೇಳಲು ಒಂದು ಗುಂಪು ಬಂತು. ಸಂಘದ ಅಧ್ಯಕ್ಷೆ ಪುಸ್ತಕ ತೆರೆದು ಮೊದಲನೆಯದನ್ನು ಓದಿದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನೊಬ್ಬ, "ಇದೆಲ್ಲ ಮನೆ ವಿಷಯ ತಾಯಿ, ರಸ್ತೆ ಏನಾದ್ರೂ ಬೇಕಾ ಹೇಳಿ" ಎಂದ. ಅವಳು, "ರಸ್ತೆ ಐತೆ ಅಣ್ಣಾ, ಆಂಬುಲೆನ್ಸ್ ಬಂದು ಹೋಗೋಕೆ ಸಾಕು" ಎಂದಳು. ಆಮೇಲೆ ಬಂದ ಇನ್ನೊಂದು ಪಕ್ಷದವರಿಗೆ ಸುದ್ದಿ ಮೊದಲೇ ಮುಟ್ಟಿತ್ತು, ಅವರು ಆ ಬೀದಿಗೇ ಬರಲಿಲ್ಲ. ಸಂಘದ ಹೆಂಗಸರಿಗೆ ಬೇಜಾರಾಯಿತು. ನನಗೆ ಸಂತೋಷವಾಯಿತು. ನಮ್ಮ ಪ್ರಶ್ನೆಗೆ ಹೆದರಿ ಒಂದು ಬೀದಿ ಬಿಟ್ಟುಹೋದದ್ದನ್ನು ನಾನು ನನ್ನ ಜೀವಮಾನದಲ್ಲಿ ಅದೇ ಮೊದಲು ಕಂಡದ್ದು.

ನನ್ನ ಆ ವಿದ್ಯಾರ್ಥಿನಿಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಅವಳು ನಿಂತಳು. ಹೊಲಿಗೆ ಮಾಡುವಲ್ಲಿಗೆ ಬಂದ ಗಿರಾಕಿಗಳನ್ನೇ ಮತ ಕೇಳಿದಳು. ಹನ್ನೊಂದು ಮತದಿಂದ ಸೋತಳು. ಅವಳ ಎದುರು ಗೆದ್ದವಳ ಪರವಾಗಿ ಓಡಾಡಿದ್ದು ಅವಳ ಗಂಡ. ಈಗ ಎಲ್ಲ ಕಡೆ ಹಾಗೆಯೇ, ಹೆಸರು ಹೆಂಡತಿಯದು, ಕುರ್ಚಿ ಗಂಡನದು. ಮೀಸಲಾತಿ ಅರ್ಧಕ್ಕರ್ಧ ಆಗಿ ಇಷ್ಟು ವರ್ಷವಾದರೂ ಈ ರೋಗ ಹೋಗಿಲ್ಲ. ಅದರ ಮಾತು ಇನ್ನೊಂದು ದಿನಕ್ಕಿರಲಿ.

ಇಲ್ಲಿಗೆ ಬರುವ ಮೊದಲು ಅವಳ ಅಂಗಡಿಗೆ ಹೋಗಿದ್ದೆ. ಮುಂದಿನ ಸಲ ನಿಲ್ಲುತ್ತೀಯಾ ಎಂದು ಕೇಳಿದೆ. "ನಿಲ್ತೀನಿ ಮೇಡಂ. ಕರಪತ್ರ ಅಚ್ಚು ಹಾಕಿಸಬೇಕು, ಹೋದ ಸಲ ಅದೇ ಮಾಡ್ಲಿಲ್ಲ. ಸಂಘದಲ್ಲಿ ಸಾಲ ಕೊಡ್ತಾರಾ?" ಎಂದಳು. ಸಂಘದ ದುಡ್ಡನ್ನು ಚುನಾವಣೆಗೆ ಬಳಸಬಾರದಮ್ಮ ಎಂದೆ. "ಮದುವೆ ಖರ್ಚಿಗೆ ಕೊಡ್ತಾರಲ್ಲ ಮೇಡಂ. ನಾನೂ ಬಡ್ಡಿ ಕಟ್ತೀನಿ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಸಭೆ ಮುಗಿದ ಮೇಲೆ ನಿಮ್ಮ ಸಂಘದ ನಿಯಮ ನೋಡಿ ಅವಳಿಗೆ ನೀವೇ ಹೇಳಿ.